ಸ್ಪಿಟ್‌ಫೈರ್ ಕಾರಿನ ಸಿಲ್ (ಬಾಗಿಲ ಕೆಳಗಿನ ಉದ್ದ ತಗಡಿನ ಡಬ್ಬಿ) ಪೂರ್ತಿ ಕೊಳೆತಿದೆ. ವೆಲ್ಡಿಂಗ್ ಮನೆಯಲ್ಲೇ ಕಲಿತು ಮಾಡಬಹುದಾ? (ಬೆಳಗಾವಿ)

ಮೂರನೇ ಗೇಟ್ · ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿ ಟಿಳಕವಾಡಿಯವನು. ಕುರ್ಚಿ ಮೇಲೆ ಕೂತು ಮಾಡುವ ಕೆಲಸ. ಇಲ್ಲಿಯವರೆಗೆ ಕೈಯಲ್ಲಿ ಹಿಡಿದ ದೊಡ್ಡ ಹತ್ಯಾರ ಅಂದರೆ ಸ್ಟೇಪ್ಲರ್.

ಕಳೆದ ದೀಪಾವಳಿಗೆ ಕ್ಯಾಂಪ್ ಕಡೆಯ ಒಬ್ಬ ನಿವೃತ್ತ ಸೇನಾಧಿಕಾರಿಯ ಮನೆಯವರಿಂದ ಒಂದು ಕಾರು ಕೊಂಡೆ. 1969ರ ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 3. ಎರಡೇ ಸೀಟು, ಬಟ್ಟೆಯ ಹುಡ್, 1296 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬೊರೇಟರ್. ಹೊಸದಿದ್ದಾಗ 75 ಹಾರ್ಸ್‌ಪವರ್ ಇತ್ತಂತೆ. ಇಪ್ಪತ್ತು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಎಂಜಿನ್ ಕೈಯಿಂದ ತಿರುಗಿಸಿದರೆ ತಿರುಗುತ್ತದೆ, ಅದರ ಚಿಂತೆ ಇಲ್ಲ.

ಚಿಂತೆ ಇರುವುದು ತಗಡಿನದು. ಎಡಗಡೆ ಬಾಗಿಲಿನ ಕೆಳಗೆ ಬಣ್ಣ ಸ್ವಲ್ಪ ಉಬ್ಬಿತ್ತು. ಸ್ಕ್ರೂಡ್ರೈವರ್‌ನಿಂದ ಸುಮ್ನೆ ಕೆದರಿದೆ. ಅಂಗೈ ಅಗಲದ ಪುಟ್ಟಿ ಕಿತ್ತು ಬಂತು. ಒಳಗೆ ಗೋಣಿಚೀಲದ ತುಂಡು, ಅದರ ಹಿಂದೆ ಮಡಚಿಟ್ಟ ಹಳೇ ಪೇಪರ್. ಕಬ್ಬಿಣ ಮಾತ್ರ ಇಲ್ಲ! ಯಾರೋ ಪುಣ್ಯಾತ್ಮರು ಮೂರ್ತಿ ಮಾಡುವ ಹಾಗೆ ಕಾರು ಮಾಡಿದ್ದಾರೆ.

ಎರಡು ಗ್ಯಾರೇಜಿಗೆ ತೋರಿಸಿದೆ. ಒಬ್ಬರು "ಮತ್ತೆ ಪುಟ್ಟಿ ಎಳೆದು ಕೊಡ್ತೀವಿ, ಗೊತ್ತೇ ಆಗಲ್ಲ" ಎಂದರು. ಇನ್ನೊಬ್ಬರು ಗೇಟಿಗೆ ಹಾಕುವ ಎರಡು ಎಂಎಂ ಪ್ಲೇಟು ಇಟ್ಟು ರಾಡ್ ಹೊಡೆಯುತ್ತೇನೆ, ಅಂದರೆ ರಾಡ್ ಕರಗಿಸುವ ಸಾದಾ ವೆಲ್ಡಿಂಗ್ ಮಾಡುತ್ತೇನೆ ಎಂದರು. ಎರಡೂ ಮನಸ್ಸಿಗೆ ಬರಲಿಲ್ಲ. ನಾನೇ ವೆಲ್ಡಿಂಗ್ ಕಲಿತರೆ ಹೇಗೆ? ಹಿತ್ತಲಲ್ಲಿ ಶೆಡ್ ಇದೆ, ಒಂದು ಬದಿ ಗೋಡೆ ಇಲ್ಲ. ಮಳೆ ಶುರುವಾಗುವ ಮೊದಲು, ಅಂದರೆ ಜೂನ್ ಒಳಗೆ, ಸಿಲ್ ಕೆಲಸ ಮುಗಿಯಬೇಕು.

ಗೋಳಗುಮ್ಮಟ · ಫೆಬ್ರವರಿ 9

ಅಣ್ಣಾ, ಕಾರನ್ನು ವಿಜಯಪುರದಲ್ಲಿ ಇಟ್ಟಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ನಮ್ಮ ಕಡೆ ಇಪ್ಪತ್ತು ವರ್ಷ ನಿಂತ ಗಾಡಿಯ ಮೇಲೆ ಬರೀ ಧೂಳು. ನಿಮ್ಮದು ಮಲೆನಾಡಿನ ಬಾಗಿಲು. ಬಟ್ಟೆ ಒಣಗದ ಊರಲ್ಲಿ ತಗಡು ಎಲ್ಲಿಂದ ಉಳಿಯಬೇಕು?

ಫೋಟೋ ಹಾಕಿ.

ಹೆರಾಲ್ಡ್ 68 · ಫೆಬ್ರವರಿ 10

ಅಪ್ಪ ಕೊಟ್ಟುಹೋದ ಸ್ಟ್ಯಾಂಡರ್ಡ್ ಹೆರಾಲ್ಡ್ ನನ್ನ ಹತ್ತಿರ ಇದೆ, ಹಾಗಾಗಿ ನಿಮ್ಮ ಕಾರು ನನಗೆ ದಾಯಾದಿ. ಸ್ಪಿಟ್‌ಫೈರ್ 1962ರಲ್ಲಿ ಬಂದದ್ದೇ ಹೆರಾಲ್ಡಿನ ಚಾಸಿ ಮೇಲೆ. ಎರಡೂ ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಕೈಯಿಂದ ಬಂದವು. ಕಂಪನಿಯಲ್ಲಿ ದುಡ್ಡಿಲ್ಲದೆ ಸ್ಪಿಟ್‌ಫೈರ್‌ನ ಮಾದರಿ ಕಾರನ್ನು ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದರು. ಲೇಲ್ಯಾಂಡ್‌ನವರು ಟ್ರಯಂಫ್ ಕೊಂಡ ಮೇಲೆ ಕಾರ್ಖಾನೆ ನೋಡಲು ಬಂದಾಗ ಅದು ಕಣ್ಣಿಗೆ ಬಿತ್ತು. ಹಾಗೆ ಬದುಕಿದ ಕಾರು.

ಇದರಿಂದ ನಿಮಗೆ ಲಾಭ ಏನೆಂದರೆ, ಹೆರಾಲ್ಡ್ ಅನ್ನು 1961ರಿಂದ ಮದ್ರಾಸಿನಲ್ಲಿ ಮಾಡುತ್ತಿದ್ದರು. ಮುಂದಿನ ಸಸ್ಪೆನ್ಶನ್, ಸ್ಟೀರಿಂಗ್ ರ‍್ಯಾಕ್ ಕಡೆಯ ಸಾಮಾನು ಹೆರಾಲ್ಡಿನದ್ದು ಬಹಳಷ್ಟು ಹೊಂದುತ್ತದೆ. ಗುಜರಿಯಲ್ಲಿ ಹೆರಾಲ್ಡ್ ಕಂಡರೆ ಬಿಡಬೇಡಿ. ಪಾನಾಗಳು ಮಾತ್ರ ಇಂಚಿನವೇ ಬೇಕು. 7/16, 1/2, 9/16 ಇವು ಮೂರಿದ್ದರೆ ಅರ್ಧ ಕಾರು ಬಿಚ್ಚಬಹುದು. 13 ನಂಬರ್ ಪಾನಾ 1/2ಕ್ಕೆ ಕೂರುತ್ತದೆ ಎಂದು ತಿರುಗಿಸಬೇಡಿ, ನಟ್ಟಿನ ಮೂಲೆ ಸವೆದುಹೋಗುತ್ತದೆ.

ಇನ್ನೊಂದು. ಮುಂದಿನ ಚಕ್ರದ ಕೆಳಗಿನ ಹಿತ್ತಾಳೆಯಂಥ ತಿರುಗು ಕೀಲಿಗೆ (ಟ್ರನಿಯನ್) ಗ್ರೀಸ್ ಹೊಡೆಯಬೇಡಿ. ಅದಕ್ಕೆ ಬೇಕಾದದ್ದು ಗೇರ್ ಎಣ್ಣೆ, 90 ನಂಬರ್. ಗ್ರೀಸ್ ಒಳಗೆ ಇಳಿಯುವುದಿಲ್ಲ, ಒಣಗಿದ ಥ್ರೆಡ್ ತುಂಡಾಗಿ ಚಕ್ರವೇ ಮಡಚಿಕೊಳ್ಳುತ್ತದೆ. ಇದು ಈಗ ಕೇಳಿದ ವಿಷಯ ಅಲ್ಲ, ಆದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಇಳಕಲ್ ಬುಲೆಟ್ · ಫೆಬ್ರವರಿ 10

ರಾಡ್ ಹೊಡೆದರೆ ತಪ್ಪೇನು? ನಮ್ಮೂರಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಪೂರ್ತಿ ರಾಡ್ ಮೇಲೇ ನಿಂತಿದೆ. ಟನ್‌ಗಟ್ಟಲೆ ಕಬ್ಬು ಹೊರುತ್ತದೆ. ನಿಮ್ಮದು ಇಬ್ಬರು ಕೂರುವ ಆಟಿಕೆ.

ಉದ್ಯಮಬಾಗ ಕಾಕಾ · ಫೆಬ್ರವರಿ 11

ಇಳಕಲ್ ತಮ್ಮಾ, ಟ್ರೇಲರ್‌ನ ಚಾನೆಲ್ ಆರು ಎಂಎಂ ದಪ್ಪ. ಈ ಕಾರಿನ ತಗಡು ಒಂದು ಎಂಎಂ ಆಸುಪಾಸು. ಎರಡೂವರೆ ಎಂಎಂ ರಾಡ್ ಹಿಡಿದು ಅರವತ್ತು ಎಪ್ಪತ್ತು ಆಂಪಿಯರ್ ಕೊಟ್ಟರೆ ತಗಡು ಬೆಣ್ಣೆ ಥರ ಕರಗಿ ತೂತಾಗುತ್ತದೆ. ಸಣ್ಣ ರಾಡ್ ಹಾಕಿ ಮಾಡುವ ಕೈ ಇದೆ, ಇಲ್ಲ ಅನ್ನುವುದಿಲ್ಲ. ನಾನು ಮೂವತ್ತೊಂದು ವರ್ಷ ಉದ್ಯಮಬಾಗದಲ್ಲಿ ಫ್ಯಾಬ್ರಿಕೇಶನ್ ಮಾಡಿದವನು. ನನಗೂ ಹತ್ತು ಸಲಕ್ಕೆ ಮೂರು ಸಲ ತೂತು ಬೀಳುತ್ತದೆ. ಹೊಸಬರಿಗೆ ಮಿಗ್ ಒಳ್ಳೆಯದು, ಅದರಲ್ಲಿ ರಾಡ್ ಬದಲು ತೆಳು ತಂತಿ ತಾನೇ ಬಂದು ಕರಗುತ್ತದೆ.

ಮೂರನೇ ಗೇಟ್ ಅವರಿಗೆ. ನೀವು ಕೇಳಿದ್ದು ವೆಲ್ಡಿಂಗ್ ಬಗ್ಗೆ. ನಾನು ಹೇಳುವುದು ಅದಕ್ಕಿಂತ ಮೊದಲಿನದು. ಹೆರಾಲ್ಡಿಗೆ ಚಾಸಿ ಬದಿಯಲ್ಲೂ ಹರಡಿಕೊಂಡಿರುತ್ತದೆ, ಬಾಡಿ ಅದರ ಮೇಲೆ ಕೂರುತ್ತದೆ. ಸ್ಪಿಟ್‌ಫೈರ್‌ಗೆ ಆ ಬದಿಯ ರೈಲು ಕತ್ತರಿಸಿ, ಚಕ್ರದಿಂದ ಚಕ್ರಕ್ಕೆ ಇರುವ ಅಂತರವನ್ನೂ 91.5 ಇಂಚಿನಿಂದ 83 ಇಂಚಿಗೆ ಇಳಿಸಿದ್ದಾರೆ. ಮಧ್ಯದ ಬೆನ್ನೆಲುಬು ಉಳಿದಿದೆ, ಪಕ್ಕೆಲುಬು ಇಲ್ಲ. ಆ ಪಕ್ಕೆಲುಬಿನ ಕೆಲಸ ಮಾಡುವುದೇ ಈ ಸಿಲ್. ಮೇಲೆ ಛಾವಣಿಯೂ ಇಲ್ಲ ನೋಡಿ. ಬಾಗಿಲು ತೆಗೆದರೆ ಮುಂದಿನ ಅರ್ಧ, ಹಿಂದಿನ ಅರ್ಧ ಹಿಡಿದಿಡುವುದು ಈ ಎರಡು ಡಬ್ಬಿ.

ಡಬ್ಬಿ ಒಳಗೆ ಮೂರು ಪದರ. ಹೊರಗಿನ ಸಿಲ್, ಮಧ್ಯದಲ್ಲಿ ಒಂದು ಬಲ ಕೊಡುವ ಪಟ್ಟಿ, ಒಳಗಿನ ಸಿಲ್. ನಿಮ್ಮ ಕಣ್ಣಿಗೆ ಬಿದ್ದದ್ದು ಹೊರಗಿನದು ಮಾತ್ರ. ಸೀಟಿನ ಹಿಂದೆ ನೆಲ ಮೇಲೆ ತಿರುಗುವ ಜಾಗದಲ್ಲಿ ಹಿಂದಿನ ಚಕ್ರವನ್ನು ಹಿಡಿದಿಡುವ ಕೋಲು, ಅಂದರೆ ರೇಡಿಯಸ್ ಆರ್ಮ್, ಬಂದು ಬಾಡಿಗೆ ಸೇರುತ್ತದೆ. ಅಲ್ಲಿ ಸುತ್ತಿಗೆಯ ಹಿಂಭಾಗದಿಂದ ಬಡಿದು ನೋಡಿ. ಟಣ್ ಅಂದರೆ ಸರಿ. ಧಪ್ ಅಂದರೆ ನನಗೆ ತಿಳಿಸಿ.

ಬಾಗಿಲು ಕೂರಿಸಿಯೇ ಇರಲಿ. ಗ್ಯಾಪ್ ಅಳೆದು ಬರೆದಿಡಿ. ಒಂದು ಇಂಚಿನ ಸ್ಕ್ವೇರ್ ಪೈಪಿನಿಂದ ಅಡ್ಡ ಕಟ್ಟು ಹಾಕದೆ ಗ್ರೈಂಡರ್ ಮುಟ್ಟಬೇಡಿ. ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಹೋಗಿ.

ರಾಡ್ ಅಕ್ಕ · ಫೆಬ್ರವರಿ 11

ಕಾಕಾ ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ನಾನು ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಮಾಡಿದವಳು. ಒಂದು ವರ್ಷದ ಕೋರ್ಸು, ಅದರಲ್ಲಿ ಮೊದಲ ತಿಂಗಳು ಪೂರ್ತಿ ನೇರ ಗೆರೆ ಎಳೆದದ್ದೇ ನೆನಪು.

ಮಷೀನು: ಸಿಂಗಲ್ ಫೇಸಿನ 200 ಆಂಪಿಯರ್ ಇನ್ವರ್ಟರ್ ಮಿಗ್ ಸಾಕು. 30-40 ಆಂಪಿಯರ್‌ವರೆಗೆ ಇಳಿಯುತ್ತದಾ ನೋಡಿ, ಮೇಲಿನ ಸಂಖ್ಯೆಗಿಂತ ಕೆಳಗಿನದು ನಿಮಗೆ ಮುಖ್ಯ. ತಂತಿ 0.8 ಎಂಎಂ. ಗ್ಯಾಸ್ ಇಲ್ಲದೆ ನಡೆಯುವ ಫ್ಲಕ್ಸ್ ತಂತಿಯೂ ಸಿಗುತ್ತದೆ, ಆದರೆ ಅದು ಬಿಸಿ ಜಾಸ್ತಿ, ಕಸ ಜಾಸ್ತಿ. ಗ್ಯಾಸ್ ತಗೊಳ್ಳಿ. ಆರ್ಗಾನ್ ಬೆರೆಸಿದ್ದು ತೆಳು ತಗಡಿಗೆ ಮೃದು, ಬರೀ ಸಿಓಟು ಅಗ್ಗ.

ಮನೆಯ 5 ಆಂಪಿಯರ್ ಸಾಕೆಟ್‌ಗೆ ಚುಚ್ಚಬೇಡಿ. 16 ಆಂಪಿಯರ್ ಪಾಯಿಂಟ್ ಬೇರೆ ಎಳೆಸಿ, ಅರ್ಥಿಂಗ್ ಸರಿ ಇದೆಯಾ ನೋಡಿಸಿ. ತೆಳುವಾದ ಎಕ್ಸ್‌ಟೆನ್ಶನ್ ವೈರ್ ಸುರುಳಿ ಸುತ್ತಿಟ್ಟು ಬಳಸಿದರೆ ಅದೇ ಮೊದಲು ಕರಗುವುದು.

ಗೋಳಗುಮ್ಮಟ · ಫೆಬ್ರವರಿ 12

ನನ್ನದೊಂದು ಐಡಿಯಾ. ಜಿಐ ಶೀಟ್ ಹಾಕಿದರೆ ಮುಂದೆ ತುಕ್ಕೇ ಹಿಡಿಯಲ್ಲ ಅಲ್ವಾ?

ರಾಡ್ ಅಕ್ಕ · ಫೆಬ್ರವರಿ 12

ಬೇಡ. ಅದರ ಮೇಲಿನ ಸತು ಸುಟ್ಟು ಬಿಳಿ ಹೊಗೆ ಏಳುತ್ತದೆ. ಸಂಜೆ ಚಳಿಜ್ವರ ಬಂದು ನಡುಗುತ್ತೀರಿ. ನಮ್ಮ ಬ್ಯಾಚಿನಲ್ಲಿ ಒಬ್ಬ ಹುಡುಗ ಬಕೆಟ್ ರಿಪೇರಿ ಮಾಡಲು ಹೋಗಿ ಎರಡು ದಿನ ಮಲಗಿದ್ದ. ಸತು ಲೇಪ ಇಲ್ಲದ ಸಾದಾ ಸಿಆರ್ ಶೀಟ್, 18 ಗೇಜ್. ತುಕ್ಕಿನ ಮಾತು ಆಮೇಲೆ.

ಹಾಗೆಯೇ, ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಒರೆಸಿ ವೆಲ್ಡ್ ಮಾಡುವ ಅಭ್ಯಾಸ ಕೆಲವರಿಗಿದೆ. ಕ್ಲೋರಿನ್ ಇರುವ ಕ್ಲೀನರ್ ಆದರೆ ಆರ್ಕ್ ತಾಗಿ ಫಾಸ್ಜೀನ್ ಎಂಬ ವಿಷಗಾಳಿ ಆಗುತ್ತದೆ. ವೈರ್ ಬ್ರಶ್, ಗ್ರೈಂಡರ್, ಒಣ ಬಟ್ಟೆ ಸಾಕು.

ಮೂರನೇ ಗೇಟ್ · ಮಾರ್ಚ್ 2

ಮಷೀನು ಬಂತು. ಹದಿನೆಂಟು ಸಾವಿರದ ಚಿಲ್ಲರೆ. ಸಿಲಿಂಡರ್ ಡಿಪಾಸಿಟ್ ಬೇರೆ. ಗ್ಯಾಸ್ ಬರುವವರೆಗೆ ತಡೆಯಲಾಗಲಿಲ್ಲ, ಜೊತೆಗೆ ಬಂದಿದ್ದ ಫ್ಲಕ್ಸ್ ತಂತಿ ಹಾಕಿ ಶುರು ಮಾಡಿದೆ. ಫಲಿತಾಂಶ ನೋಡಿ ನಮ್ಮಮ್ಮ "ಇದೇನು ಹಕ್ಕಿ ಹಿಕ್ಕೆ?" ಎಂದರು. ತಂತಿ ಚಟ್ ಚಟ್ ಅಂತ ಸಿಡಿದು ಗುಂಡುಗಳಾಗಿ ಕೂರುತ್ತದೆ. ಅಂಟುವುದೇ ಇಲ್ಲ. ನನ್ನ ಕೈಯೇ ಸರಿಯಿಲ್ಲವೇ?

ಉದ್ಯಮಬಾಗ ಕಾಕಾ · ಮಾರ್ಚ್ 2

ಕೈ ಆಮೇಲೆ ಬೈಯೋಣ. ಮಷೀನಿನ ಮುಚ್ಚಳ ತೆಗೆದು ಪ್ಲಸ್ ಮೈನಸ್ ನೋಡಿ. ಗ್ಯಾಸ್ ಇಲ್ಲದ ಫ್ಲಕ್ಸ್ ತಂತಿಗೆ ಟಾರ್ಚ್ (ತಂತಿ ಹೊರಬರುವ ಹಿಡಿ) ಮೈನಸ್‌ಗೆ ಇರಬೇಕು, ಕ್ಲಾಂಪ್ ಪ್ಲಸ್‌ಗೆ. ಗ್ಯಾಸ್ ಹಾಕಿದಾಗ ಉಲ್ಟಾ. ಕಂಪನಿಯಿಂದ ಗ್ಯಾಸಿನ ಲೆಕ್ಕಕ್ಕೇ ಕಟ್ಟಿ ಬಂದಿರುತ್ತದೆ.

ಕಿವಿಯಿಂದ ಕಲಿಯಿರಿ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಬಿಟ್ಟು ಬಿಟ್ಟು ಚಟಪಟ ಅಂದರೆ ಏನೋ ತಪ್ಪಿದೆ. ಕಾದ ಎಣ್ಣೆಗೆ ಮಿರ್ಚಿ ಭಜಿ ಬಿಟ್ಟಾಗ ಒಂದೇ ಸಮನೆ ಸೊರ್ ಅನ್ನುತ್ತದಲ್ಲ, ಆ ಸದ್ದು ಬರಬೇಕು.

ಮೂರನೇ ಗೇಟ್ · ಮಾರ್ಚ್ 3

ಕಾಕಾ, ಉಲ್ಟಾನೇ ಇತ್ತು! ಬದಲಿಸಿದ ತಕ್ಷಣ ಭಜಿ ಸದ್ದು ಬಂತು.

ಮೂರನೇ ಗೇಟ್ · ಮಾರ್ಚ್ 16

ಈಗ ಗ್ಯಾಸ್ ಬಂದಿದೆ. ಅಭ್ಯಾಸದ ವರದಿ.

ಗುಜರಿಯಿಂದ ಹಳೇ ವಾಷಿಂಗ್ ಮಷೀನಿನ ಬಾಡಿ ತಂದೆ. ಉದ್ಯಮಬಾಗದ ಒಂದು ಶೀಟ್ ಅಂಗಡಿಯಿಂದ ಸಿಆರ್ ಶೀಟಿನ ಕತ್ತರಿಸಿ ಉಳಿದ ಚೂರುಗಳನ್ನು ಕಿಲೋ ಲೆಕ್ಕದಲ್ಲಿ ಕೊಟ್ಟರು. ಈ ಊರಲ್ಲಿ ಇದೊಂದು ಸುಖ. ಫೌಂಡ್ರಿ, ಲೇತ್, ಬೆಂಡಿಂಗ್ ಮಷೀನು ಎಲ್ಲ ಎರಡು ಕಿಲೋಮೀಟರ್ ಒಳಗೆ.

ಉದ್ದ ಗೆರೆ ಎಳೆದಾಗಲೆಲ್ಲ ತಗಡು ಹಪ್ಪಳದ ಹಾಗೆ ಸೊಟ್ಟ ಆಗುತ್ತಿತ್ತು. ಅಕ್ಕ ಫೋನಿನಲ್ಲಿ ಹೇಳಿದ ಮೇಲೆ ಚುಕ್ಕೆ ಹಾಕುವುದು ಕಲಿತೆ. ಒಂದು ಚುಕ್ಕೆ ಇಲ್ಲಿ, ಮುಂದಿನದು ಒಂದು ಗೇಣು ಆಚೆ, ಮತ್ತೊಂದು ಈ ಕಡೆ. ಬೆರಳು ಇಡುವಷ್ಟು ತಣ್ಣಗಾದ ಮೇಲೆ ನಡುವಿನ ಜಾಗ ತುಂಬುವುದು. ಒಂದು ಅಡಿ ಜೋಡಣೆಗೆ ಮುಕ್ಕಾಲು ಗಂಟೆ. ರಂಗೋಲಿ ಚುಕ್ಕೆ ಇಟ್ಟ ಹಾಗೆ. ನೀರು ಹೊಯ್ದು ತಣಿಸಲು ಹೋಗಿ ಬೈಸಿಕೊಂಡೆ.

ಪ್ಲಗ್ ವೆಲ್ಡ್ ನನಗೆ ಹೆಚ್ಚು ಹಿಡಿಸಿತು. ಮೇಲಿನ ತಗಡಿಗೆ ಎಂಟು ಎಂಎಂ ತೂತು, ಕೆಳಗಿನ ತಗಡಿಗೆ ಅಂಟಿಸಿ ಹಿಡಿದು, ತೂತಿನ ಮಧ್ಯದಿಂದ ಶುರು ಮಾಡಿ ಸುತ್ತ ತುಂಬುವುದು. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಮಾಡಿದ ಜಾಗಕ್ಕೆಲ್ಲ ಇದನ್ನೇ ಹಾಕಬೇಕಂತೆ.

ಪರೀಕ್ಷೆ ಕಾಕಾ ಕೊಟ್ಟದ್ದು. ತುಂಡನ್ನು ವೈಸ್‌ನಲ್ಲಿ ಹಿಡಿದು, ಉಳಿ ತೂರಿಸಿ, ಎರಡು ತಗಡು ಬೇರೆ ಆಗುವ ತನಕ ಬಡಿಯುವುದು. ವೆಲ್ಡ್ ಬಿಟ್ಟುಕೊಂಡರೆ ಫೇಲ್. ವೆಲ್ಡ್ ಉಳಿದು ಸುತ್ತಲಿನ ತಗಡು ಹರಿದರೆ ಪಾಸ್. ಮೊದಲ ದಿನ ಹನ್ನೆರಡರಲ್ಲಿ ಎರಡು ಪಾಸ್. ನಿನ್ನೆ ಹನ್ನೆರಡರಲ್ಲಿ ಹನ್ನೊಂದು. ನೋಡಲು ಚೆಂದ ಇದ್ದವೇ ಮೊದಲು ಬಿಟ್ಟುಕೊಂಡವು, ಇದು ನನಗೆ ಆಶ್ಚರ್ಯ.

ರಾಡ್ ಅಕ್ಕ · ಮಾರ್ಚ್ 16

ಚೆಂದ ಉಬ್ಬಿ ಕೂತಿದೆ ಅಂದರೆ ಕೆಳಗೆ ಇಳಿದಿಲ್ಲ ಎಂದರ್ಥ. ಹಿಂಬದಿ ನೋಡಿ. ಅಲ್ಲಿ ನೀಲಿ ಕಂದು ಉಂಗುರ ಮತ್ತು ಸಣ್ಣ ಉಬ್ಬು ಕಾಣಬೇಕು.

ಮೂರನೇ ಗೇಟ್ · ಮಾರ್ಚ್ 24

ಅಕ್ಕಾ, ಬೈಯಬೇಡಿ. ನಿನ್ನೆ ಒಂದು ತುಂಡು ಹಿಡಿದು ಕೂರಿಸುವಾಗ ಹೆಲ್ಮೆಟ್ ಹಾಕಲು ಕೈ ಖಾಲಿ ಇರಲಿಲ್ಲ. ಒಂದೇ ಚುಕ್ಕೆ ಅಲ್ವಾ ಅಂತ ಮುಖ ಆಚೆ ತಿರುಗಿಸಿ ಹೊಡೆದೆ. ಹಾಗೆ ಐದಾರು ಸಲ. ಸಂಜೆ ಏನೂ ಇಲ್ಲ. ರಾತ್ರಿ ಎರಡು ಗಂಟೆಗೆ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ. ಅಮ್ಮ ಆಲೂಗಡ್ಡೆ ಹೆಚ್ಚಿ ಕಣ್ಣ ಮೇಲೆ ಇಟ್ಟರು. ತಂಪಾಯಿತು ಅಷ್ಟೇ. ಬೆಳಿಗ್ಗೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಬಂದೆ. ಎರಡು ದಿನ ಕತ್ತಲೆ ಕೋಣೆ.

ರಾಡ್ ಅಕ್ಕ · ಮಾರ್ಚ್ 24

ಬೈಯುತ್ತೇನೆ. ಕಣ್ಣು ಗುಣವಾದ ಮೇಲೆ.

ತಾನೇ ಕಪ್ಪಾಗುವ ಹೆಲ್ಮೆಟ್ ತಗೊಳ್ಳಿ, ಎರಡು ಕೈಯೂ ಖಾಲಿ ಇರುತ್ತವೆ. ಕಪ್ಪು 10ಕ್ಕೆ ಇಡಿ. ನೈಲಾನ್ ಟಿ-ಶರ್ಟ್ ಬೇಡ, ದಪ್ಪ ಹತ್ತಿ ಬಟ್ಟೆ, ಕಾಲಿಗೆ ಚಪ್ಪಲಿ ಅಲ್ಲ ಬೂಟು. ನೋಡಲು ಬಂದು ನಿಲ್ಲುವ ಪಕ್ಕದ ಮನೆ ಮಕ್ಕಳನ್ನು ಮೊದಲು ಓಡಿಸಿ.

ಮೂರನೇ ಗೇಟ್ · ಏಪ್ರಿಲ್ 13

ಒಂದು ತಪ್ಪು ಮಾಡಿದ್ದೇನೆ. ಮೂರು ದಿನದಿಂದ ಬರೆಯಲು ನಾಚಿಕೆ.

ಸಿಲ್ ಹೊರ ಪದರ ಮಾತ್ರ ತೆಗೆಯುವುದಲ್ವಾ, ಒಳಗಿನದು ಹಿಡಿದುಕೊಂಡಿರುತ್ತದೆ ಎಂದುಕೊಂಡು ಅಡ್ಡ ಕಟ್ಟು ಹಾಕದೆಯೇ ಎಡಗಡೆ ಕತ್ತರಿಸಿದೆ. ಪೈಪ್ ತರಲು ಸೋಮಾರಿತನ, ಇನ್ನೇನಿಲ್ಲ. ಹೊರಗಿನದು ಬಂತು. ನಡುವಿನ ಪಟ್ಟಿ ಕೈಗೆ ಪುಡಿಪುಡಿಯಾಗಿ ಬಂತು. ಒಳಗಿನ ಸಿಲ್‌ನಲ್ಲಿ ಹಿಂದಿನ ಒಂದು ಅಡಿ ಇಲ್ಲವೇ ಇಲ್ಲ. ಅಂದರೆ ಇಷ್ಟು ದಿನ ಪುಟ್ಟಿಯೇ ಕಾರನ್ನು ಹಿಡಿದಿತ್ತೋ ಏನೋ.

ಬಾಗಿಲು ಹಾಕಲು ಹೋದೆ. ಮೇಲ್ಗಡೆ ಹಿಂದಿನ ಮೂಲೆ ಕಂಬಕ್ಕೆ ತಾಗಿ ನಿಂತಿತು. ಮೊದಲು ಅಲ್ಲಿ ಐದು ಎಂಎಂ ಗ್ಯಾಪ್ ಇತ್ತು, ಬರೆದಿಟ್ಟಿದ್ದೇನೆ. ಈಗ ಪೋಸ್ಟ್‌ಕಾರ್ಡ್ ತೂರುವುದಿಲ್ಲ. ಕೆಳಗಡೆ ಮಾತ್ರ ಬೆರಳು ಹೋಗುತ್ತದೆ. ಕಾರು ಮಧ್ಯದಲ್ಲಿ ಕುಸಿದಿದೆ.

ಮಾರಿಬಿಡಲಾ?

ಉದ್ಯಮಬಾಗ ಕಾಕಾ · ಏಪ್ರಿಲ್ 13

ಮಾರುವ ಮಾತು ಬೇಡ. ಗ್ಯಾಪ್ ಬರೆದಿಟ್ಟಿದ್ದೀರಿ ಅಲ್ಲ, ಅದೇ ನಿಮ್ಮನ್ನು ಉಳಿಸಿತು. ಗ್ರೈಂಡರ್ ಕೆಳಗಿಡಿ. ಕಾರು ಈಗ ಯಾವುದರ ಮೇಲೆ ನಿಂತಿದೆ?

ಮೂರನೇ ಗೇಟ್ · ಏಪ್ರಿಲ್ 13

ಮುಂದೆ ಎರಡು, ಹಿಂದೆ ಎರಡು ಸ್ಟ್ಯಾಂಡ್. ಚಾಸಿಯ ತುದಿಗಳಲ್ಲಿ.

ಉದ್ಯಮಬಾಗ ಕಾಕಾ · ಏಪ್ರಿಲ್ 13

ನಾಳೆ ಸಂಜೆ ಬರುತ್ತೇನೆ. ಒಂದು ಟರ್ನ್ ಬಕಲ್ (ತಿರುಗಿಸಿದರೆ ಉದ್ದ ಗಿಡ್ಡ ಆಗುವ ಸ್ಕ್ರೂ ಕೊಂಡಿ) ಮತ್ತು ಹತ್ತು ಅಡಿ ಸ್ಕ್ವೇರ್ ಪೈಪ್ ತಂದಿಡಿ. ಚಹಾ ಸಕ್ಕರೆ ಕಮ್ಮಿ.

ಮೂರನೇ ಗೇಟ್ · ಏಪ್ರಿಲ್ 15

ಕಾಕಾ ಬಂದಿದ್ದರು. ಬಂದವರು ಕಾರಿನ ಸುತ್ತ ಎರಡು ಸುತ್ತು ಹಾಕಿ, ಮಾತಾಡದೆ ನೆಲದ ಮೇಲೆ ಮಲಗಿದರು. ಅರವತ್ತೆಂಟು ವರ್ಷ!

ಮಾಡಿದ್ದು ಇಷ್ಟು. ಕಾರಿನ ಮಧ್ಯಕ್ಕೆ, ಎಡಗಡೆ ನೆಲದ ಗಟ್ಟಿ ಜಾಗಕ್ಕೆ, ಮರದ ಹಲಗೆ ಇಟ್ಟು ಜಾಕ್ ಕೊಟ್ಟೆವು. ಕಾಲು ಕಾಲು ಸುತ್ತು ಎತ್ತುವುದು, ಬಾಗಿಲ ಗ್ಯಾಪ್ ಅಳೆಯುವುದು. ಒಂದು ಹಂತದಲ್ಲಿ ಕಿರ್ ಅಂದು ಬಾಗಿಲು ತಾನೇ ಸಡಿಲ ಆಯಿತು. ಮೇಲೆ ಐದು ಎಂಎಂ ಬರುವ ತನಕ ಎತ್ತಿ, ಒಂದೂವರೆ ಎಂಎಂ ಜಾಸ್ತಿಯೇ ಎತ್ತಿದರು. ವೆಲ್ಡ್ ತಣಿದಾಗ ಸೆಳೆಯುತ್ತದೆ, ಅದಕ್ಕೆ ಮೊದಲೇ ಸಾಲ ಕೊಟ್ಟಿರಬೇಕು ಎಂದರು. ಆಮೇಲೆ ಬಾಗಿಲ ಕೀಲಿನ ಕಂಬಕ್ಕೂ ಹಿಂದಿನ ಕಂಬಕ್ಕೂ ಪೈಪಿನ ಕಟ್ಟು, ನಡುವೆ ಟರ್ನ್ ಬಕಲ್. ಬಾಗಿಲು ಹಾಕಿ ತೆಗೆಯಲು ಬರುವ ಹಾಗೆ ಒಳಗಡೆಯಿಂದ ಹಾಕಿದ್ದೇವೆ.

ಹೋಗುವಾಗ ಒಂದೇ ಮಾತು ಹೇಳಿದರು: "ಬಾಗಿಲೇ ನಿನ್ನ ಸ್ಕೇಲು. ದಿನಾ ಬೆಳಿಗ್ಗೆ ಒಮ್ಮೆ ಹಾಕಿ ನೋಡು."

ಹೆರಾಲ್ಡ್ 68 · ಏಪ್ರಿಲ್ 16

ಪೆಟ್ರೋಲ್ ಟ್ಯಾಂಕ್ ಬಿಚ್ಚಿದ್ದೀರಾ? ಸ್ಪಿಟ್‌ಫೈರ್‌ನಲ್ಲಿ ಅದು ಸೀಟಿನ ಬೆನ್ನ ಹಿಂದೆಯೇ ಇದೆ, ನೀವು ಕಿಡಿ ಹಾರಿಸುವ ಜಾಗದಿಂದ ಒಂದು ಮೊಳ ದೂರ. ಖಾಲಿ ಇದೆ ಎಂದು ಬಿಡಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಕೆಟ್ಟದ್ದು. ಪೈಪು ಸಮೇತ ಅಂಗಳದ ಆಚೆಗೆ ಸಾಗಿಸಿ. ಕಾರ್ಪೆಟ್ ಕೆಳಗಿನ ಹಳೇ ಫೆಲ್ಟ್ ಕೂಡ ಕಿತ್ತು ತೆಗೆಯಿರಿ. ಅದು ಹೊಗೆ ಕಾಣಿಸದೆ ಒಳಗೊಳಗೇ ಸುಡುತ್ತಾ ಇರುತ್ತದೆ. ಕೆಲಸ ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಕೂತಿರಿ. ಬ್ಯಾಟರಿ ವೈರ್ ಬಿಚ್ಚಿ.

ಕಾಗದದ ವಿಷಯವೂ ಈಗಲೇ ಯೋಚಿಸಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೆ ಬೇರೆ ನಿಯಮ ಮಾಡಿದೆ. ಐವತ್ತು ವರ್ಷ ದಾಟಿದ ಗಾಡಿಗೆ ವಿಎ ಸರಣಿಯ ನಂಬರ್, ಹೊಸ ನೋಂದಣಿಗೆ ₹20,000, ಹತ್ತು ವರ್ಷಕ್ಕೆ. ದಿನನಿತ್ಯ ಓಡಿಸಲು ಅಲ್ಲ. ಆದರೆ ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಮಾಡಿರಬಾರದು ಎಂಬ ಷರತ್ತಿದೆ. ಅದಕ್ಕೇ ಹೇಳುವುದು, ಕೊಳೆತದ್ದನ್ನು ಇದ್ದ ಆಕಾರದಲ್ಲೇ ಮಾಡಿ. ಪ್ರತಿ ಹಂತದ ಫೋಟೋ ಇರಲಿ. ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ.

ಮೂರನೇ ಗೇಟ್ · ಮೇ 11

ಟ್ಯಾಂಕ್ ಬಿಚ್ಚಿ ತಂಗಿ ಮನೆಯ ಟೆರೇಸ್ ಮೇಲೆ ಇಟ್ಟಿದ್ದೇನೆ. ಅವಳು ಮಾತು ಬಿಟ್ಟಿದ್ದಾಳೆ.

ಒಳಗಿನ ಸಿಲ್ ಮತ್ತು ಪಟ್ಟಿಯನ್ನು ರಟ್ಟಿನಲ್ಲಿ ಕತ್ತರಿಸಿ ಅಚ್ಚು ಮಾಡಿ, ಉದ್ಯಮಬಾಗದಲ್ಲಿ ಬೆಂಡಿಂಗ್ ಮಾಡಿಸಿದೆ. ಹೊರಗಿನ ಸಿಲ್‌ಗೆ ಉದ್ದಕ್ಕೂ ಒಂದು ಸಣ್ಣ ಬಾಗು ಇದೆ, ಅದು ನಮ್ಮಲ್ಲಿ ಕೂರಲಿಲ್ಲ. ಇಂಗ್ಲೆಂಡಿನಿಂದ ತರಿಸಿದೆ. ಸುಂಕ, ಸಾಗಣೆ ಸೇರಿ ಆದ ಖರ್ಚು ಇಲ್ಲಿ ಬರೆದರೆ ಮನೆಯವರು ಓದಿಯಾರು.

ನಿನ್ನೆಗೆ ಎಡಗಡೆಯ ಒಳ ಪದರ ಮುಗಿಯಿತು. ರೇಡಿಯಸ್ ಆರ್ಮ್ ಜಾಗ ಧಪ್ ಅಂದಿತ್ತು. ಅದೊಂದನ್ನು ಮಾತ್ರ ನಾನು ಮಾಡಲಿಲ್ಲ. ಅಕ್ಕ ಬಂದು ಮಾಡಿಕೊಟ್ಟರು, ನಾನು ಟಾರ್ಚ್ ಬೆಳಕು ಹಿಡಿದು ನಿಂತೆ. ಹಿಂದಿನ ಚಕ್ರ ಹಿಡಿಯುವ ಜಾಗದಲ್ಲಿ ಎರಡು ತಿಂಗಳ ವಿದ್ಯಾರ್ಥಿ ಕೈ ಹಾಕುವುದು ಬೇಡ ಅನ್ನಿಸಿತು.

ಗಾಳಿ ಕಾಟ ಜಾಸ್ತಿ ಆಗಿದೆ. ಶೆಡ್ಡಿನ ತೆರೆದ ಬದಿಯಿಂದ ಗಾಳಿ ಬಂದು ಗ್ಯಾಸ್ ಹಾರಿಸಿಬಿಡುತ್ತದೆ, ವೆಲ್ಡ್ ಒಳಗೆಲ್ಲ ರವೆ ಇಡ್ಲಿ ಥರ ತೂತು. ತಾಡಪತ್ರಿ ಕಟ್ಟಿದೆ. ಹೊಗೆ ಹೋಗಲು ಮೇಲೆ ಒಂದು ಅಡಿ ಬಿಟ್ಟಿದ್ದೇನೆ.

ಇಳಕಲ್ ಬುಲೆಟ್ · ಮೇ 12

ಅಣ್ಣಾ, ಫೋಟೋ ನೋಡಿದೆ. ಆಟಿಕೆ ಎಂದಿದ್ದು ವಾಪಸ್. ಒಂದು ಪ್ರಶ್ನೆ. ಡಬ್ಬಿ ಮುಚ್ಚಿದ ಮೇಲೆ ಒಳಗೆ ಬಣ್ಣ ಹೇಗೆ ಹೊಡೆಯುತ್ತೀರಿ?

ಉದ್ಯಮಬಾಗ ಕಾಕಾ · ಮೇ 12

ಒಳ್ಳೆಯ ಪ್ರಶ್ನೆ, ತಮ್ಮಾ. ಎರಡು ತಗಡು ಸೇರುವ ಅಂಚಿಗೆ ಮೊದಲೇ ವೆಲ್ಡ್ ಮಾಡಬಹುದಾದ ಸತುವಿನ ಪ್ರೈಮರ್ ತೆಳ್ಳಗೆ ಬಳಿಯುವುದು. ವೆಲ್ಡ್ ಬೀಳುವ ತೂತಿನಲ್ಲಿ ಮಾತ್ರ ಕೆರೆದು ತೆಗೆಯಬೇಕು. ಮುಚ್ಚಿ, ಹೊರಗೆ ಬಣ್ಣ ಆದ ಮೇಲೆ, ಉದ್ದ ನಳಿಕೆಯಿಂದ ಒಳಗೆ ಮೇಣ ಸಿಂಪಡಿಸುವುದು. ಮೊದಲೇ ಹಾಕಿದರೆ ವೆಲ್ಡಿಂಗ್ ಬಿಸಿಗೆ ಹೊತ್ತಿಕೊಳ್ಳುತ್ತದೆ. ಕೆಳಗಿನ ನೀರು ಹೋಗುವ ತೂತು ಮುಚ್ಚಬೇಡಿ. ಹಳೇ ಪುಟ್ಟಿಯವರು ಮಾಡಿದ್ದು ಅದನ್ನೇ. ಒಳಗೆ ಬಂದ ನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ.

ಮೂರನೇ ಗೇಟ್ · ಜೂನ್ 7

ನಿನ್ನೆ ಸಂಜೆ ಎಡಗಡೆ ಹೊರ ಸಿಲ್ ಮುಗಿಯಿತು. ಪ್ಲಗ್ ವೆಲ್ಡ್ ಒಟ್ಟು 74. ಗ್ರೈಂಡ್ ಮಾಡಿದ್ದು ವೆಲ್ಡ್ ಮಾಡಿದ್ದಕ್ಕಿಂತ ಜಾಸ್ತಿ ಹೊತ್ತು. ಇವತ್ತು ಬೆಳಿಗ್ಗೆ ಟರ್ನ್ ಬಕಲ್ ಸಡಿಲ ಮಾಡಿ, ಜಾಕ್ ಇಳಿಸಿದೆ. ಕೈ ನಡುಗುತ್ತಿತ್ತು. ಗ್ಯಾಪ್ ಮೇಲೆ ಐದೂವರೆ, ಕೆಳಗೆ ಐದು. ಬಾಗಿಲು ಬಿಟ್ಟೆ. ಟಕ್ ಅಂತ ಹಾಕಿಕೊಂಡಿತು.

ಒಳಗೆ ಹೋಗಿ ಅಮ್ಮನನ್ನು ಕರೆದು ತಂದು ಹದಿನೈದು ಸಲ ಹಾಕಿ ತೆಗೆದು ತೋರಿಸಿದೆ. "ಬಾಗಿಲು ಹಾಕೋದಕ್ಕೆ ನಾಲ್ಕು ತಿಂಗಳಾ?" ಎಂದರು.

ಮಧ್ಯಾಹ್ನದಿಂದ ಮಳೆ ಹಿಡಿದಿದೆ. ಬಲಗಡೆ ಬಾಕಿ. ಅದನ್ನೂ ಕೆದರಿ ನೋಡಿದೆ, ಅಲ್ಲಿ ಪೇಪರ್ ಇಲ್ಲ, ಸಿಮೆಂಟ್ ಇದೆ.

ಗೋಳಗುಮ್ಮಟ · ಜೂನ್ 7

ಸಿಮೆಂಟಾ!

ಉದ್ಯಮಬಾಗ ಕಾಕಾ · ಜೂನ್ 7

ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಮಷೀನು ಹಚ್ಚಬೇಡಿ. ಗಣಪತಿ ಹಬ್ಬ ಮುಗಿಯಲಿ. ಹೊಸ ತಗಡಿಗೆ ಇವತ್ತು ರಾತ್ರಿಯೇ ಪ್ರೈಮರ್ ಬಳಿಯಿರಿ, ನಾಳೆ ಅಂದರೆ ಕೆಂಪಾಗಿರುತ್ತದೆ. ಬಲಗಡೆಯ ಪೈಪ್ ಕಟ್ಟು ಈಗಲೇ ಹಾಕಿಡಿ.

ಮೂರನೇ ಗೇಟ್ · ಜೂನ್ 7

ಹಾಕಿ ಆಗಿದೆ ಕಾಕಾ. ಸಿಮೆಂಟ್ ಕಂಡ ಐದು ನಿಮಿಷಕ್ಕೆ.